ಹೂಜಿಯ ಮುಚ್ಚಳದಲ್ಲಿದ್ದ ಮುದುಕ

ಆ ಆದಿತ್ಯವಾರ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬೋಳಾರದ ಮನೆಗೆ ನಡೆದು ಬರುವಾಗ ನಮ್ಮ ಯಜಮಾನರು ದಾರಿಯುದ್ದಕ್ಕೂ ಹಾಡುವವರನ್ನು ಬೈದರು. ಬಸ್ಸು ಹಿಡಿಯಲು ಓಡುವವರ ಹಾಗೆ ಹಾಡುತ್ತಾರೆ, ದೇವರಿಗೆ ಒಂದು ಸಾಲು ಕೇಳಿ ಮುಗಿಯುವ ಮೊದಲೇ ಇನ್ನೊಂದು ಸಾಲು ತಲೆಯ ಮೇಲೆ ಬಂದು ಬೀಳುತ್ತದೆ ಎಂದರು. ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಉಂಡೆವು. ಆಮೇಲೆ ಇವರು ಅಂಗಿ ಕಳಚಿ ಗೂಟಕ್ಕೆ ಹಾಕಿ, ಬನಿಯನಿನಲ್ಲಿ ಜಗಲಿಯ ಗ್ರಾಮಫೋನಿನ ಮುಂದೆ ಕುಳಿತು, "ಮುದುಕನನ್ನು ಹಾಕುವಾ?" ಎಂದು ಕೇಳಿದರು. ನಾನು ಅಕ್ಕಿಯ ಗೆರಸೆ ತೆಗೆದುಕೊಂಡು ಹೊಸ್ತಿಲ ಹತ್ತಿರ ಕುಳಿತೆ. ಮುದುಕ ಹಾಡಿದ. ನಾನು ಕಲ್ಲು ಆರಿಸಿದೆ. ಪಕ್ಕದ ಮನೆಯ ಸಾಹುಕಾರರು ತಮ್ಮ ಜಗಲಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತು, ಕೇಳದವರ ಹಾಗೆ ಕೇಳಿದರು.

ಮಾರನೆಯ ದಿನ ಸಾಹುಕಾರರ ಮಗ ಕುವೈತಿನಿಂದ ಬಂದ. ಆದ್ದರಿಂದ ಆ ಮುದುಕ ಯಾರು ಎಂಬ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲದ ಕೊನೆಯ ಆದಿತ್ಯವಾರ ಅದು.

ಇವರು ತೀರಿಕೊಂಡ ಮೇಲೆ ಬಂದವರೆಲ್ಲ ಇವರ ಕಾಯಿಲೆಯ ಬಗ್ಗೆ ಕೇಳಿದರು, ಪಿಂಚಣಿಯ ಬಗ್ಗೆ ಕೇಳಿದರು. ಮುದುಕನ ಬಗ್ಗೆ ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವರು ನದಿ ಬದಿಯ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು. ನಮಗೆ ಮಕ್ಕಳಿರಲಿಲ್ಲ. ನಾವು ಮದುವೆಯಾದ ಸ್ವಲ್ಪ ಸಮಯಕ್ಕೆ ಕಾರ್ಖಾನೆಯ ಬಿಳಿ ದೊರೆ ಊರಿಗೆ ಹೊರಟು, ಬಂಗಲೆಯ ಸಾಮಾನುಗಳ ಏಲಂ ಆಯಿತು. ಎಲ್ಲರೂ ಕುರ್ಚಿ, ಕಪಾಟು, ಪಿಂಗಾಣಿ ತಟ್ಟೆ ಎಂದು ನುಗ್ಗಿದರು. ಇವರು ಚಾವಿ ಕೊಡುವ ಗ್ರಾಮಫೋನು ಒಂದನ್ನೂ ಒಂದು ಗೋಣಿ ಪ್ಲೇಟುಗಳನ್ನೂ ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. ನನಗೆ ಒಂದು ಕಪಾಟು ಬೇಕಿತ್ತು. ಆ ಮಾತು ನಮ್ಮ ಮನೆಯಲ್ಲಿ ಬಹಳ ಕಾಲ ಬದುಕಿತ್ತು.

ಗ್ರಾಮಫೋನು ಮೊದಲ ವಾರದಲ್ಲೇ ಕಿರಕಿರ ಎಂದಿತು. ಇವರು ಮುಚ್ಚಳ ಬಿಚ್ಚಿ ಒಳಗಿನ ಚಕ್ರಗಳಿಗೆ ಸ್ವಲ್ಪ ತೆಂಗಿನೆಣ್ಣೆ ಬಿಟ್ಟರು. ನಮ್ಮಲ್ಲಿ ಬಾಗಿಲ ತಿರುಗಣಿಗೂ ಅದೇ, ಹೊಲಿಗೆ ಮಿಷನಿಗೂ ಅದೇ, ತಲೆಗೂ ಅದೇ, ಬಂಗುಡೆಗೂ ಅದೇ. ಕಿರಕಿರ ನಿಂತಿತು. ಅಂದಿನಿಂದ ಪ್ರತಿ ಹಬ್ಬಕ್ಕೂ ನಮ್ಮಿಬ್ಬರ ತಲೆಗೆ ಎಣ್ಣೆ ಹಾಕುವ ದಿನ ಗ್ರಾಮಫೋನಿಗೂ ಎರಡು ಹನಿ ಬೀಳುತ್ತಿತ್ತು. ಅದರ ಬದಿಯಲ್ಲಿ ಬೇಗ ತಿರುಗಲು, ನಿಧಾನ ತಿರುಗಲು ಎಂದು ಒಂದು ಸಣ್ಣ ಕಡ್ಡಿ ಇತ್ತು. ದೊರೆ ಇಟ್ಟ ಜಾಗದಲ್ಲೇ ಇರಲಿ, ತಿಳಿಯದವರು ಕೈ ಹಾಕುವುದು ಬೇಡ ಎಂದು ಇವರು ಇಗರ್ಜಿಯಿಂದ ತಂದ ಮೇಣದಬತ್ತಿಯನ್ನು ಕರಗಿಸಿ ಆ ಕಡ್ಡಿಯ ಮೇಲೆ ಸುರಿದು ಮುದ್ರೆ ಹೊಡೆದುಬಿಟ್ಟರು.

ಗೋಣಿಯಲ್ಲಿದ್ದ ಪ್ಲೇಟುಗಳು ಯಾರೂ ಕೇಳರಿಯದವು. ಇವರಿಗೆ ಬೇಕಾದದ್ದೂ ಅಂಥವೇ. ಹಂಪನಕಟ್ಟೆಯ ಪ್ಲೇಟಿನ ಅಂಗಡಿಯವರು ಯಾರೂ ಕೊಳ್ಳದೆ ಧೂಳು ಹಿಡಿದದ್ದನ್ನು ಇವರಿಗೆಂದೇ ಎತ್ತಿಡುತ್ತಿದ್ದರು. ಎಲ್ಲರೂ ಕೊಳ್ಳುವ ಹಾಡು ಎಲ್ಲರ ಬಾಯಿಯಲ್ಲೂ ಸವೆದು ಹೋಗಿರುತ್ತದೆ, ಯಾರಿಗೂ ಬೇಡದ ಹಾಡಿನಲ್ಲಿ ಮಾತ್ರ ಹಾಡಿದವನು ಇನ್ನೂ ಪೂರ್ತಿ ಇರುತ್ತಾನೆ ಎಂಬುದು ಇವರ ಸಿದ್ಧಾಂತ. ನನಗೆ ಅದು ಅರ್ಥವಾಗುತ್ತಿರಲಿಲ್ಲ. ಯಾರಿಗೂ ಬೇಡದ ಬಸಳೆಯೂ ಪೂರ್ತಿಯೇ ಇರುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ.

ದೊರೆಯ ಪ್ಲೇಟುಗಳಲ್ಲಿ ಒಂದು ದಮ್ಮಿನವನದ್ದು. ಅದರಲ್ಲಿ ಹಾಡೇ ಇರಲಿಲ್ಲ. ಒಬ್ಬ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಉಸಿರು ಸಿಗದೆ ಹೂಂ ಹೂಂ ಎಂದು ಎಳೆಯುತ್ತಿದ್ದ. ನಡುನಡುವೆ ಎಷ್ಟು ಕಷ್ಟಪಡುತ್ತಿದ್ದನೆಂದರೆ ನನಗೆ ಕೇಳಲಾಗುತ್ತಿರಲಿಲ್ಲ. ಇವರು ಆ ಪ್ಲೇಟನ್ನು ಬಹಳ ಗೌರವದಿಂದ ಮುಟ್ಟುತ್ತಿದ್ದರು. ಗಂಟಲು ಚೆನ್ನಾಗಿರುವವರ ಹಾಡನ್ನು ಯಾರಾದರೂ ಹಿಡಿದಿಡುತ್ತಾರೆ, ಒಬ್ಬ ದಮ್ಮಿನ ರೋಗಿಯ ಕಷ್ಟವನ್ನು ಹಿಡಿದಿಟ್ಟ ಕಂಪೆನಿ ಎಂಥ ಕರುಣೆಯದ್ದಿರಬೇಕು, ಇಂದಿನ ಸಮಾಜದಲ್ಲಿ ಅಂಥದ್ದು ಉಂಟಾ ಎನ್ನುತ್ತಿದ್ದರು. ಶುಭ ಶುಕ್ರವಾರ ನಮ್ಮ ಮನೆಯಲ್ಲಿ ಹಾಡು ಹಾಕುವ ಕ್ರಮವಿಲ್ಲ. ಆದರೆ ಆ ಒಂದು ಪ್ಲೇಟಿಗೆ ಅನುಮತಿ ಇತ್ತು. ಅದು ಮುಗಿದ ಮೇಲೆ ನಾವು ಆ ಮನುಷ್ಯನ ಆತ್ಮಕ್ಕೆ ಒಂದು ಪ್ರಾರ್ಥನೆ ಹೇಳುತ್ತಿದ್ದೆವು.

ಇಂದಿನ ಸಮಾಜದ ಬಗ್ಗೆ ಇವರಿಗಿದ್ದ ದೂರು ಒಂದೇ, ಅವಸರ. ಬಜಪೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಊರಿಗೆ ಹೊಟ್ಟೆನೋವು ಬಂದವರ ಹಾಗೆ ಓಡುವ ಚಾಳಿ ಹಿಡಿಯಿತು ಎನ್ನುತ್ತಿದ್ದರು. ರೆಡಿಮೇಡ್ ಅಂಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಅಳತೆ ತೆಗೆಯುವಷ್ಟು ಹೊತ್ತೂ ನಿಲ್ಲಲಾಗದವನಿಗೆ ಅಂಗಿ ಯಾಕೆ ಎಂಬ ಪ್ರಶ್ನೆ. ಕೂಳೂರಿನ ಸೇತುವೆಯ ಮೇಲಂತೂ ವೈಯಕ್ತಿಕ ಕೋಪವಿತ್ತು. ಮೊದಲು ಅಲ್ಲಿ ಹೊಳೆ ದಾಟಲು ದೋಣಿಗೆ ಕಾಯಬೇಕಿತ್ತು. ಹಾಗೆ ಕಾಯುವಾಗಲೇ ಇವರ ತಾಯಿಯೂ ನನ್ನ ತಾಯಿಯೂ ಮಾತಿಗೆ ಶುರು ಮಾಡಿ, ದೋಣಿ ಬರುವಷ್ಟರಲ್ಲಿ ನಮ್ಮ ಮದುವೆಯ ಮಾತು ಮುಗಿಸಿದ್ದರು. ಸೇತುವೆ ಮೊದಲೇ ಇದ್ದಿದ್ದರೆ ನಾನು ಬ್ರಹ್ಮಚಾರಿ ಎಂದು ಇವರು ನೆಂಟರೆದುರು ಹೇಳುತ್ತಿದ್ದರು. ಕೆಲವೊಮ್ಮೆ ಅದನ್ನು ದೂರಿನ ಧ್ವನಿಯಲ್ಲಿ ಹೇಳುತ್ತಿದ್ದರೋ ಆಸೆಯ ಧ್ವನಿಯಲ್ಲೋ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಮುದುಕ ನಮ್ಮಲ್ಲಿಗೆ ಬಂದದ್ದು ಮಂಜಿಯಲ್ಲಿ. ಆಗ ಹಂಚು ಹೇರಿಕೊಂಡು ಬಸ್ರಾದ ಕಡೆಗೆ ಹೋಗುವ ಹಾಯಿಹಡಗುಗಳಿದ್ದವು. ಅವುಗಳಿಗೆ ಮಂಜಿ ಎನ್ನುತ್ತಿದ್ದರು. ಒಂದು ಮಂಜಿಗೆ ಹಂಚು ಎಣಿಸಿ ಕೊಡಲು ಹೋದಾಗ ಇವರು ನೀರು ಕೇಳಿದರಂತೆ. ಖಲಾಸಿ ಹೂಜಿಯ ಮೇಲಿನ ಮುಚ್ಚಳ ತೆಗೆದ. ಮುಚ್ಚಳದ ನಡುವೆ ತೂತು. ನೋಡಿದರೆ ಗ್ರಾಮಫೋನಿನ ಪ್ಲೇಟು. ನೀರು ತಾಗಿ ಹೆಸರಿನ ಕಾಗದವೆಲ್ಲ ಕಿತ್ತುಹೋಗಿತ್ತು. ಇವರು ನಮ್ಮ ಮನೆಯ ಒಂದು ಒಳ್ಳೆಯ ತಾಮ್ರದ ಮುಚ್ಚಳವನ್ನು ಆ ಖಲಾಸಿಗೆ ಕೊಟ್ಟು ಪ್ಲೇಟನ್ನು ತಂದರು. ತಾಮ್ರದ ಮುಚ್ಚಳ ನನ್ನ ತವರಿನದು. ಅದೂ ಕಪಾಟಿನ ಮಾತಿನ ಜೊತೆ ಸೇರಿಕೊಂಡಿತು.

ಮೊದಲ ಸಲ ಹಾಕಿದಾಗ ಹಾಡಿದವನು ಮುದುಕನಾಗಿರಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ. ಯಾರೋ ಒಬ್ಬ ಯುವಕ, ಮೀಸೆ ಈಗಷ್ಟೇ ಬರುತ್ತಿದೆ ಎಂದು ಇವರು ತೀರ್ಮಾನಿಸಿದರು. ಭಾಷೆ ಯಾವುದೆಂದು ಕೇಳಲು ಸಾಹುಕಾರರನ್ನು ಕರೆದರು. ಸಾಹುಕಾರರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ನಮಾಜು ತಪ್ಪಿಸುವವರಲ್ಲ, ಹಾಡಿನ ಹತ್ತಿರ ಹೋಗುವವರೂ ಅಲ್ಲ. ನಮ್ಮ ಗ್ರಾಮಫೋನು ಕೇಳುತ್ತದಲ್ಲ ಎಂದರೆ, ತಾನು ಕೇಳುವುದಲ್ಲ, ಗಾಳಿ ತರುವುದು ಎನ್ನುತ್ತಿದ್ದರು. ಆ ದಿನ ಬೇಲಿಯ ಹತ್ತಿರ ನಿಂತು ಕಣ್ಣು ಮುಚ್ಚಿ ಕೇಳಿ, "ಅರಬಿ ಉಂಟು ಪೊರ್ಬುಗಳೇ. ಆದರೆ ನಾವು ಓದುವ ಅರಬಿ ಅಲ್ಲ. ಹೃದಯ ಅಂತ ಒಂದು ಶಬ್ದ ಸಿಕ್ಕಿತು," ಎಂದರು. ಕ್ರೈಸ್ತ ಗಂಡಸರನ್ನು ಈ ಊರಿನಲ್ಲಿ ಪೊರ್ಬು ಎಂದೇ ಕರೆಯುವುದು.

ಹೃದಯ ಎಂಬ ಒಂದು ಶಬ್ದ ಇವರಿಗೆ ಸಾಕಾಯಿತು. ಯುವಕ ಸಮುದ್ರಕ್ಕೆ ಹೋಗುವವನು, ತಾಯಿಯೊಡನೆ ಜಗಳವಾಡಿ ಮಂಜಿ ಹತ್ತಿದ್ದಾನೆ ಎಂದಾಯಿತು. ಕೆಲವು ವರ್ಷಗಳಲ್ಲಿ ಅವನ ಧ್ವನಿ ಒಡೆದು ಗಟ್ಟಿಯಾಯಿತು. ಇಲ್ಲ, ಇವನಿಗೆ ಮದುವೆಯಾಗಿದೆ, ಹೆಂಡತಿ ದೂರದ ಊರಿನಲ್ಲಿದ್ದಾಳೆ ಎಂದು ಇವರು ತಿದ್ದಿದರು. ಇನ್ನೂ ಕೆಲವು ವರ್ಷ ಕಳೆಯುವಾಗ ಹೆಂಡತಿ ತೀರಿಕೊಂಡಿದ್ದಳು, ಅವನು ಮುದುಕನಾಗಿದ್ದ, ಬಂದರಿನ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಶಬ್ದವನ್ನು ಎಳೆದು ಎಳೆದು ಹೇಳುತ್ತಿದ್ದ. ಪ್ಲೇಟಿನ ಒಳಗಿರುವವನಿಗೆ ವಯಸ್ಸಾಗುವುದು ಹೇಗೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ನಮಗೂ ವಯಸ್ಸಾಗುತ್ತಿತ್ತು. ಜೊತೆಯಲ್ಲಿರುವವರಿಗೆಲ್ಲ ಆಗುವುದು ಅವನಿಗೂ ಆಗುತ್ತಿದೆ ಎಂದುಕೊಂಡಿರಬೇಕು. ಕೇಳುವವನ ಕಿವಿ ಪಕ್ವವಾದ ಹಾಗೆ ಹಾಡುವವನೂ ಪಕ್ವವಾಗುತ್ತಾನೆ ಎಂದು ಇವರು ಅದಕ್ಕೂ ಒಂದು ಅಭಿಪ್ರಾಯ ಮಾಡಿಟ್ಟಿದ್ದರು. ಮೊದಲೆಲ್ಲ ಆ ಹಾಡು ಮುಗಿಯುವಾಗ ನನ್ನ ಗೆರಸೆಯಲ್ಲಿ ಅರ್ಧ ಅಕ್ಕಿ ಉಳಿದಿರುತ್ತಿತ್ತು. ಕಡೆಕಡೆಗೆ ಅಕ್ಕಿ ಆರಿಸಿ, ಒಲೆಗೆ ಸೌದೆ ಇಟ್ಟು ಬಂದರೂ ಮುದುಕ ಹಾಡುತ್ತಲೇ ಇರುತ್ತಿದ್ದ. ನನ್ನ ಕೈ ಚುರುಕಾಯಿತು ಎಂದುಕೊಂಡಿದ್ದೆ.

ಮಾತಿನಲ್ಲೂ ಅವನು ಮನೆಯವನೇ ಆಗಿದ್ದ. ಮಳೆ ಜೋರಾದರೆ ಮುದುಕ ಇವತ್ತು ಎಲ್ಲಿ ಮಲಗಿದ್ದಾನೋ ಎನ್ನುತ್ತಿದ್ದರು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ, ಮುದುಕನಿಗೆ ಅಭ್ಯಾಸ ಉಂಟು, ಅವನಿಗೆ ಬಡಿಸು ಎನ್ನುತ್ತಿದ್ದರು. ಮಕ್ಕಳಿರುವ ಮನೆಯಲ್ಲಿ ಮಕ್ಕಳ ಮೇಲೆ ಹಾಕುವ ಮಾತುಗಳನ್ನೆಲ್ಲ ನಾವು ಅವನ ಮೇಲೆ ಹಾಕುತ್ತಿದ್ದೆವು.

ಅಭಿಪ್ರಾಯ ಮನೆಯೊಳಗೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಇವರ ಅಣ್ಣನ ಮಗಳ ಮದುವೆಯಲ್ಲಿ ಇವರು ಬ್ಯಾಂಡಿನ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಇಷ್ಟು ಅವಸರದಲ್ಲಿ ಬಾರಿಸಬಾರದು, ದೊರೆಯ ಪ್ಲೇಟಿನಲ್ಲಿ ಇದೇ ಮಾರ್ಚು ಹೇಗೆ ಬರುತ್ತದೆ ಕೇಳು ಎಂದು ಬಾಯಿಯಲ್ಲೇ ಬಾರಿಸಿ ತೋರಿಸಿದರು. ಆತ ಹುಡುಗಿಯ ಚಿಕ್ಕಪ್ಪ ಎಂಬ ಮರ್ಯಾದೆಗೆ ಹಾಗೆಯೇ ಬಾರಿಸಿದ. ಬ್ಯಾಂಡು ನಡೆದ ಹಾಗೆ ಮದುಮಕ್ಕಳು ನಡೆಯಬೇಕು. ಇಗರ್ಜಿಯಿಂದ ಚಪ್ಪರಕ್ಕೆ ಕಲ್ಲೆಸೆಯುವಷ್ಟು ದೂರ. ಮೆರವಣಿಗೆ ಬಂದು ಮುಟ್ಟುವಾಗ ಊಟದ ಸನ್ನ ಇಡ್ಲಿಗಳು ತಣ್ಣಗಾಗಿದ್ದವು, ಮದುಮಗನ ಮುಖದ ಪೌಡರು ಬೆವರಿನಲ್ಲಿ ಕಾಲರಿಗೆ ಇಳಿದಿತ್ತು, ಮತ್ತು ಒಬ್ಬ ಮುದಿ ನೆಂಟ ಇದು ಯಾರ ಶವಯಾತ್ರೆ ಎಂದು ಕೇಳಿದ್ದ. ಇವರೊಬ್ಬರೇ ಸಂತೋಷದಲ್ಲಿದ್ದರು.

ಈಗ ಕುವೈತಿನಿಂದ ಬಂದ ಮಗನ ವಿಷಯ. ಅವನು ಕರೆಂಟಿನಲ್ಲಿ ಓಡುವ ಒಂದು ಪ್ಲೇಯರು ತಂದಿದ್ದ. ಸಾಹುಕಾರರು ಅದನ್ನು ಮನೆಯೊಳಗೆ ಇಡಲು ಒಪ್ಪದೆ ಪಕ್ಕದ ಜಗಲಿಯಲ್ಲಿ ಇಡಿಸಿದರು. ಅಂದು ಸಂಜೆ ನಾನು ಬಾವಿಕಟ್ಟೆಯಲ್ಲಿದ್ದಾಗ ಆ ಕಡೆಯಿಂದ ಒಂದು ಹಾಡು ಬಂತು. ಅದು ನಮ್ಮಲ್ಲೂ ಇರುವ ಹಾಡೇ. ನಮ್ಮ ಮನೆಯಲ್ಲಿ ನಡು ವಯಸ್ಸಿನವಳು ಶೀತ ಹಿಡಿದು ಹಾಡುತ್ತಿದ್ದ ಹಾಡನ್ನು ಅಲ್ಲಿ ಒಬ್ಬ ಹುಡುಗಿ ಹಾರುತ್ತಾ ಹಾಡುತ್ತಿದ್ದಳು. ಕೊಡಪಾನ ತುಂಬಿ ಚೆಲ್ಲುತ್ತಿದ್ದರೂ ನಾನು ನೀರು ಸೇದಿ ಸುರಿಯುತ್ತಲೇ ಇದ್ದೆ. ತಟ್ಟನೆ ನನಗೆ ಮುದುಕನ ನೆನಪಾಯಿತು.

ಇವರಿಗೂ ಅದು ಕೇಳಿತ್ತು. ಆದರೆ ಇವರಿಗೆ ಕೇಳಿದ್ದು ಬೇರೆ. ನೋಡು, ಅಲ್ಲಿಯ ಮಿಷನಿಗೂ ಅವಸರ ಎಂದರು. ಹುಡುಗನಿಗೆ ಒಳ್ಳೆಯ ಹಾಡು ಎಂದರೆ ಎಂಥದ್ದು ಎಂದು ಒಮ್ಮೆ ಕೇಳಿಸಬೇಕು, ಬರುವ ಆದಿತ್ಯವಾರ ಮುದುಕನನ್ನು ಕೊಂಡುಹೋಗುತ್ತೇನೆ ಎಂದರು. ನಾನು ಪ್ಲೇಟು ಒಡೆಯುತ್ತದೆ ಎಂದೆ, ಮಳೆ ಬರುತ್ತದೆ ಎಂದೆ, ಸಾಹುಕಾರರಿಗೆ ಸರಿ ಕಾಣಲಿಕ್ಕಿಲ್ಲ ಎಂದೆ. ಎಂದೂ ಅಷ್ಟು ಮಾತಾಡದವಳು ಮಾತಾಡಿದ್ದಕ್ಕೆ ಇವರು ನನ್ನ ಮುಖ ನೋಡಿದರು. "ಎಂತ ಮಾರಾಯ್ತಿ, ಪಕ್ಕದ ಮನೆಗಲ್ವಾ? ಕುವೈತಿಗೆ ಅಲ್ಲ."

ಆದಿತ್ಯವಾರ ಇವರು ಇಸ್ತ್ರಿಯ ಅಂಗಿ ಹಾಕಿ, ಪ್ಲೇಟನ್ನು ಹೊಸ ಟವೆಲಿನಲ್ಲಿ ಸುತ್ತಿ, ಮಗುವನ್ನು ಜ್ಞಾನಸ್ನಾನಕ್ಕೆ ಒಯ್ಯುವವರ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬೇಲಿ ದಾಟಿದರು. ನಾನು ಸಾಹುಕಾರರ ಹೆಂಡತಿಯ ಜೊತೆ ಬಾಗಿಲ ಒಳಗೆ ನಿಂತೆ. ಮಗ ಪ್ಲೇಟನ್ನು ತಿರುಗಿಸಿ ನೋಡಿ, ಇದು ಯಾವ ಸ್ಪೀಡಿನದ್ದು ಪೊರ್ಬುಗಳೇ ಎಂದು ವಿನಯದಿಂದ ಕೇಳಿದ.

"ಇದಕ್ಕೆ ಸ್ಪೀಡು ಇಲ್ಲ," ಎಂದರು ಇವರು. "ಇದು ನಿಧಾನದ್ದು."

ಅವನು ನಕ್ಕು ಯಾವುದೋ ಗುಂಡಿ ತಿರುಗಿಸಿ ಮುಳ್ಳು ಇಟ್ಟ. ಚಟಚಟನೆ ಚಪ್ಪಾಳೆ ಶುರುವಾಯಿತು. ನಮ್ಮ ಮನೆಯಲ್ಲಿ ಅದು ಹಲಗೆಗೆ ಬಡಿಯುವ ಅಲೆಯ ಸದ್ದಾಗಿತ್ತು. ಆಮೇಲೆ ಒಂದು ಹೆಣ್ಣು ಧ್ವನಿ, ಹದಿನೆಂಟು ಇಪ್ಪತ್ತರ ಹುಡುಗಿ, ಉಸಿರು ತೆಗೆದುಕೊಳ್ಳದೆ, ನಗು ತಡೆದುಕೊಂಡು ಹಾಡುತ್ತಾ ಓಡಿದಳು. ಮುದುಕ ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ನಾವು ಕಾದೆವು. ಇವರು ಪೆಟ್ಟಿಗೆಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿದರು.

ಹಾಡು ಬಹಳ ಬೇಗ ಮುಗಿಯಿತು. ಮಗ ಖುಷಿಯಲ್ಲಿದ್ದ. ಇಂಥ ಹಾಡನ್ನು ಅಲ್ಲಿ ಮದುವೆ ಮನೆಗಳಲ್ಲಿ ಹೆಂಗಸರು ಹೇಳುತ್ತಾರೆ, ಮದುಮಗನನ್ನು ತಮಾಷೆ ಮಾಡುವುದು, ನಿನ್ನ ಮೀಸೆ ನೋಡಿ ನಮ್ಮ ಆಡು ಹೆದರಿ ಓಡಿತು ಎಂದು ಹೇಳುವುದು ಎಂದು ವಿವರಿಸಿದ.

ಸಾಹುಕಾರರು ಕೆಮ್ಮಿದರು. "ಹೃದಯ ಅಂತ ಇತ್ತಲ್ಲ ಮಗಾ?"

"ಉಂಟು ಬಾಪ. ಆಡಿನ ಎದೆ ಒಡೆದು ಹೋಯಿತು ಅಂತ."

ಒಳಗೆ ಸಾಹುಕಾರರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಇಷ್ಟು ವರ್ಷ ನಮ್ಮ ಜಗಲಿಯಲ್ಲಿ ಹೆಂಡತಿಯನ್ನು ಕಳೆದುಕೊಂಡು ಅತ್ತವನು ಒಂದು ಆಡಿನ ಗಾಬರಿಯಾಗಿ ಮುಗಿದುಹೋಗುತ್ತಾನೋ ಎಂದು ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಇವರು ಪ್ಲೇಟನ್ನು ಟವೆಲಿನಲ್ಲಿ ಸುತ್ತಿದರು. ಮಡಿಕೆ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದರು.

"ಇದು ಮುದುಕ ಅಲ್ಲ," ಎಂದರು. "ಇದು ಅವನ ಮಗಳು."

ಸಾಹುಕಾರರು ವ್ಯಾಪಾರದಲ್ಲಿ ಒಂದು ಮಾತು ಹೆಚ್ಚು ಆಡದ ಮನುಷ್ಯ. "ಹೌದು ಪೊರ್ಬುಗಳೇ," ಎಂದರು. "ಧ್ವನಿ ಹೋಲ್ತದೆ."

ಆ ವಾರ ಇವರು ಗ್ರಾಮಫೋನಿನ ಹತ್ತಿರ ಹೋಗಲಿಲ್ಲ. ರೆಡಿಮೇಡ್ ಅಂಗಿ ಹಾಕಿದವನೊಬ್ಬ ಮನೆಗೆ ಬಂದರೂ ಏನೂ ಹೇಳಲಿಲ್ಲ. ಬೈಯದೆ ಕುಳಿತ ಇವರನ್ನು ನೋಡಿ ನನಗೆ ಹೆದರಿಕೆಯಾಯಿತು. ಕಪಾಟಿನ ಮಾತನ್ನು ನಾನೇ ಎರಡು ಸಲ ಎತ್ತಿ ನೋಡಿದೆ. ಅದೂ ಹತ್ತಿಕೊಳ್ಳಲಿಲ್ಲ.

ಶನಿವಾರ ಸಾಹುಕಾರರ ಮಗ ಸೀಮೆಎಣ್ಣೆಯ ಡಬ್ಬಿ, ಮಿಷನ್ ಎಣ್ಣೆಯ ಬಾಟ್ಲಿ, ಒಂದು ಬ್ರಷ್ಷು ಹಿಡಿದುಕೊಂಡು ಬಂದ. ಗ್ರಾಮಫೋನಿನ ಮುಚ್ಚಳ ಬಿಚ್ಚಿ ಒಳಗೆ ನೋಡಿ ಹಿಂದೆ ಸರಿದ. ಚಕ್ರಗಳ ನಡುವೆ ಹಲಸಿನ ಮೇಣದ ಹಾಗೆ ಹಳದಿ ಅಂಟು ಗಟ್ಟಿಯಾಗಿ ಕುಳಿತಿತ್ತು. ಇದಕ್ಕೆ ಎಂತ ಹಾಕಿದ್ದು ಎಂದು ಕೇಳಿದ. ತೆಂಗಿನೆಣ್ಣೆ ಎಂದು ಇವರು, ಬೇರೆ ಎಂತ ಹಾಕುವುದು ಎಂಬ ಧ್ವನಿಯಲ್ಲಿ ಹೇಳಿದರು. ಈ ಅಂಟಿನಿಂದಲೇ ವರ್ಷದಿಂದ ವರ್ಷಕ್ಕೆ ನಿಧಾನವಾಗಿದೆ, ತೊಳೆದರೆ ಸರಿಯಾಗುತ್ತದೆ, ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ ಎಂದು ಅವನು ತೋಳು ಮಡಚಿದ.

"ತೊಳೆದರೆ ಮುದುಕ ಹೋಗ್ತಾನಾ?"

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಹೋಗ್ತಾನೆ ಎಂದು ಅವನು ಮೆಲ್ಲಗೆ ಹೇಳಿದ. ಒಳ್ಳೆಯ ಹುಡುಗ, ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹಾಗಾದರೆ ಬೇಡ," ಎಂದರು ಇವರು. "ಮುಚ್ಚಿಬಿಡು."

ಮುಚ್ಚಳ ಬಿಗಿದು ಆದ ಮೇಲೆ ಇವರಿಗೆ ಮಾತು ಬಂತು. ಎಲ್ಲವೂ ಸರಿಯಾದ ವೇಗದಲ್ಲೇ ಓಡಬೇಕು ಎಂಬುದೇ ಇಂದಿನ ಸಮಾಜದ ರೋಗ ಎಂದು ಶುರು ಮಾಡಿ, ವಿಮಾನ, ಸೇತುವೆ, ಬ್ಯಾಂಡು ಎಲ್ಲವನ್ನೂ ದಾಟಿ, ಆ ಹುಡುಗ ಎರಡನೆಯ ಲೋಟ ಕಾಫಿ ಮುಗಿಸುವವರೆಗೂ ಮಾತಾಡಿದರು. ನಾನು ಅಡುಗೆ ಮನೆಯಲ್ಲಿ ಕುಳಿತು ಕೇಳಿದೆ. ಅಂದು ಮೀನು ಚೆನ್ನಾಗಿ ಬೆಂದಿತ್ತು.

ಆಮೇಲೆ ಒಂದು ಕ್ರಮವಾಯಿತು. ಮಗ ಕುವೈತಿಗೆ ಮರಳುವಾಗ ಪ್ಲೇಯರನ್ನು ಮನೆಯಲ್ಲೇ ಬಿಟ್ಟಿದ್ದ. ಆದಿತ್ಯವಾರ ಸಂಜೆ ಇವರು ಟವೆಲಿನಲ್ಲಿ ಪ್ಲೇಟು ಸುತ್ತಿಕೊಂಡು ಸಾಹುಕಾರರ ಜಗಲಿಗೆ ಹೋಗಿ ಮಗಳ ಹಾಡು ಕೇಳುತ್ತಿದ್ದರು. ಮನೆಗೆ ಬಂದು ಅದೇ ಪ್ಲೇಟನ್ನು ನಮ್ಮ ಗ್ರಾಮಫೋನಿಗೆ ಹಾಕಿ, ನಿನ್ನ ಮಗಳು ಚೆನ್ನಾಗಿದ್ದಾಳೆ ಮಾರಾಯ, ಇವತ್ತೂ ಆಡನ್ನು ಹೆದರಿಸಿದಳು ಎಂದು ವರದಿ ಒಪ್ಪಿಸಿ ಚಾವಿ ಕೊಡುತ್ತಿದ್ದರು. ಇಗರ್ಜಿಯ ಹಾಡುವವರನ್ನು ಬೈಯುವುದು ಕೂಡ ಸ್ವಲ್ಪ ಕಡಿಮೆಯಾಯಿತು. ಪ್ರಾಯದವರು, ಓಡುತ್ತಾರೆ ಎನ್ನುತ್ತಿದ್ದರು. ಸೇತುವೆಯನ್ನು ಮಾತ್ರ ಕ್ಷಮಿಸಲಿಲ್ಲ.

ಇವರು ಹೋದದ್ದು ಒಂದು ಮಳೆಗಾಲದ ಕೊನೆಯಲ್ಲಿ, ಕಾರ್ಖಾನೆಯ ಆಫೀಸಿನಲ್ಲಿ. ಮೇಜಿಗೆ ತಲೆಯಿಟ್ಟು ಕುಳಿತಿದ್ದರಂತೆ. ಜೊತೆಯವರು ಸ್ವಲ್ಪ ಹೊತ್ತು ಕರೆಯಲಿಲ್ಲವಂತೆ. ಏನೋ ಕೇಳುತ್ತಿದ್ದಾರೆ ಎಂದುಕೊಂಡರಂತೆ.

ಅಂತ್ಯಕ್ರಿಯೆಗೆ ಬಂದದ್ದು ಆ ಮದುವೆಯ ಬ್ಯಾಂಡಿನವರೇ. ಮೇಸ್ತ್ರಿ ನನ್ನ ಹತ್ತಿರ ಬಂದು ಟೊಪ್ಪಿ ತೆಗೆದು ನಿಂತ. ಅಂದು ಅವನು ಇವರ ಲೆಕ್ಕದಲ್ಲೇ ಬಾರಿಸಿದ. ಆ ಮಾರ್ಚು ಸರಿಯಾದ ಸ್ಥಳಕ್ಕೆ ಬಂದು ಸೇರಿತು ಎಂದು ನನಗೆ ಅನಿಸಿತು. ಸಾಹುಕಾರರು ಇಗರ್ಜಿಯ ಗೇಟಿನವರೆಗೂ ಆ ಹೆಜ್ಜೆಗೆ ಹೆಜ್ಜೆ ಹಾಕಿದರು.

ಇವರು ಹೋಗಿ ತಿಂಗಳಾದ ಪೂಜೆಯ ದಿನ ನಾನು ಇಗರ್ಜಿಯಿಂದ ಬರುವಾಗ, ರಜೆಯಲ್ಲಿ ಬಂದಿದ್ದ ಸಾಹುಕಾರರ ಮಗ ನಮ್ಮ ಜಗಲಿಯಲ್ಲಿದ್ದ. ಕೈತುಂಬ ಸೀಮೆಎಣ್ಣೆಯ ವಾಸನೆ. ನನಗೆ ಬೇಸರವಾಗಬಾರದು, ಮನೆಯಲ್ಲಿ ಒಂದು ಹಾಡಾದರೂ ಇರಲಿ ಎಂದು ಅವನ ತಾಯಿಯೇ ಕಳಿಸಿದ್ದರಂತೆ. ಮುದುಕನ ಮಾತು ಅವನಿಗೆ ನೆನಪಿರಲಿಲ್ಲ. ಪ್ರಾಯದವರಿಗೆ ಯಾಕೆ ನೆನಪಿರುತ್ತದೆ? ಮೇಣದ ಮುದ್ರೆಯನ್ನೂ ಕೆರೆದು, ಕಡ್ಡಿಯನ್ನು ಸರಿಯಾದ ಗುರುತಿಗೆ ತಂದಿದ್ದ. "ಬಾಯಮ್ಮ, ಈಗ ಹೊಸದರ ಹಾಗೆ ಉಂಟು," ಎಂದ. ನಾನು ಉಪಕಾರವಾಯಿತು ಎಂದು ಹೇಳಿ ಕಾಫಿ ಮಾಡಿಕೊಟ್ಟೆ.

ಅವನು ಹೋದ ಮೇಲೆ ಬಹಳ ದಿನ ಮುಟ್ಟಲಿಲ್ಲ. ಶುಭ ಶುಕ್ರವಾರ ಬಂದಾಗ ಮನಸ್ಸು ಕೇಳದೆ ದಮ್ಮಿನವನ ಪ್ಲೇಟು ಹಾಕಿದೆ. ಆ ಮನುಷ್ಯ ನಗುತ್ತಿದ್ದ. ದಮ್ಮೂ ಇಲ್ಲ, ಗಿಮ್ಮೂ ಇಲ್ಲ, ಮೊದಲಿನಿಂದ ಕೊನೆಯವರೆಗೆ ಹೊಟ್ಟೆ ಹಿಡಿದುಕೊಂಡು ನಗುವುದಕ್ಕೇ ಮಾಡಿದ ಪ್ಲೇಟು ಅದು. ನಾವು ವರ್ಷಗಟ್ಟಲೆ ಅವನ ಆತ್ಮಕ್ಕೆ ಪ್ರಾರ್ಥನೆ ಹೇಳಿದ್ದೆವು. ಶುಭ ಶುಕ್ರವಾರ ನಗಬಾರದು, ಗೊತ್ತು. ಬಾಗಿಲು ಹಾಕಿಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ, ಇದನ್ನು ಹೇಳಬೇಕು ಎಂದು ಜಗಲಿಯ ಕುರ್ಚಿಯ ಕಡೆ ತಿರುಗಿದೆ.

ಮುದುಕನ ಪ್ಲೇಟು ಹಾಕಿದರೆ ಈಗ ನಮ್ಮ ಮನೆಯಲ್ಲೂ ಮಗಳೇ ಹಾಡುತ್ತಾಳೆ. ಕಡ್ಡಿಯನ್ನು ಹಿಂದಕ್ಕೆ ಎಳೆದು ನೋಡಿದೆ. ಬೆರಳಿನಿಂದ ಪ್ಲೇಟಿನ ಅಂಚನ್ನು ಮೆಲ್ಲಗೆ ಒತ್ತಿಯೂ ನೋಡಿದೆ. ಹುಡುಗಿಗೆ ಜ್ವರ ಬಂದ ಹಾಗೆ ಕೇಳಿಸಿತೇ ಹೊರತು ಅವಳು ಮುದುಕನಾಗಲಿಲ್ಲ. ಕ್ರಿಸ್ಮಸ್ಸಿಗೆ ತಲೆಗೆ ಎಣ್ಣೆ ಹಾಕುವಾಗ ಮುಚ್ಚಳ ಬಿಚ್ಚಿ ಚಕ್ರಗಳಿಗೂ ಎರಡು ಹನಿ ಬಿಟ್ಟೆ. ಈಸ್ಟರಿಗೂ ಬಿಟ್ಟೆ. ಸಾಹುಕಾರರು ಬೇಲಿಯಾಚೆ ನಿಂತು ನೋಡಿದರು. ಅವರ ಮಗ ಬಿಟ್ಟುಹೋಗಿದ್ದ ಮಿಷನ್ ಎಣ್ಣೆಯ ಬಾಟ್ಲಿಯನ್ನು, ಅವರಿಗೆ ಬೇಕಾಗಬಹುದು ಎಂದು ನಾನೇ ಅವರ ಮನೆಗೆ ಕೊಟ್ಟುಬಂದೆ.

ಅಂಟು ಕೂರಲು ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಮೊದಲು ಆ ಯುವಕ ಬರಬೇಕು, ಆಮೇಲೆ ಅವನಿಗೆ ಮದುವೆಯಾಗಬೇಕು. ಕಳೆದ ಆದಿತ್ಯವಾರವೂ ಅಕ್ಕಿಯ ಗೆರಸೆ ಇಟ್ಟುಕೊಂಡು ಹಾಕಿ ನೋಡಿದೆ. ಹಾಡು ಮುಗಿಯಿತು, ಅರ್ಧ ಅಕ್ಕಿ ಉಳಿದಿತ್ತು. ಮುದುಕ ಇನ್ನೂ ಬಂದಿಲ್ಲ.